ಅಂಶವಿಲ್ಲದವರ ಗುರುತುಚೀಟಿ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಅರ್ಜಿ ಒಂದೂವರೆ ವರ್ಷದಿಂದ ಬಿದ್ದುಕೊಂಡಿದೆ. ಮೂವತ್ತು ವರ್ಷ ಕೇಂದ್ರ ಸರ್ಕಾರದ ನೌಕರಿ ಮಾಡಿದ ನನ್ನಂಥವನಿಗೆ ಅರ್ಜಿ ತುಂಬುವುದು ನೀರು ಕುಡಿದಷ್ಟು ಸಲೀಸು. ಇತರರ ಅರ್ಜಿಗಳಲ್ಲಿ ಯಾವ ಕಲಮು ಖಾಲಿ ಉಳಿದಿದೆ, ಯಾವ ಲಗತ್ತು ಸೇರಿಲ್ಲ ಎಂದು ಗುರುತುಹಾಕಿ ಹಿಂದಿರುಗಿಸುವುದೇ ನನ್ನ ವೃತ್ತಿಯಾಗಿತ್ತು. ಈ ಅರ್ಜಿಯಲ್ಲಿ ಅಂಥ ದೋಷ ಯಾವುದೂ ಇಲ್ಲ. ಲಗತ್ತುಗಳೆಲ್ಲ ಇವೆ, ಸಹಿಯೂ ಆಗಿದೆ. ಆದರೂ ಅದನ್ನು ಕಳುಹಿಸಲು ಕೈ ಬರುತ್ತಿಲ್ಲ. ಅದು ನನ್ನ ತಂಗಿಗೆ ನನ್ನನ್ನು ಕಾನೂನುಬದ್ಧ ಪೋಷಕನೆಂದು ನೇಮಿಸಬೇಕೆಂದು ಕೋರುವ ಅರ್ಜಿ. ತಂಗಿಗೆ ಈಗ ನಲವತ್ತೆಂಟು ವರ್ಷ.

ಮನೆಯ ಮಾತನ್ನು ಸಂಘದ ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಬಹಳ ದಿನ ಯೋಚಿಸಿದೆ. ಕಡೆಗೆ ಅವಳನ್ನೇ ಕೇಳಿದೆ. "ಬರಿ, ಆದರ ನನ್ನ ಹೆಸರು ಹಾಕಬ್ಯಾಡ" ಎಂದಳು. ಆದ್ದರಿಂದ ಹೆಸರು ಹಾಕಿಲ್ಲ. ಬರೆಯಲು ತೊಡಗಿದ್ದಕ್ಕೆ ಕಾರಣ ಇಷ್ಟೇ: ಹೊರನಾಡಿನ ನಮ್ಮ ಕನ್ನಡ ಮನೆಗಳಲ್ಲಿ ಯುಗಾದಿಯ ಸಮಾರಂಭಕ್ಕಾಗಲಿ ರಾಜ್ಯೋತ್ಸವಕ್ಕಾಗಲಿ ಎಂದೂ ಬಾರದ ಒಬ್ಬ ಮಗ, ಒಬ್ಬ ತಂಗಿ, ಒಬ್ಬ ಮೈದುನ ಇರುವುದನ್ನು ನಾನು ಬಲ್ಲೆ. ಅವರ ಬಗ್ಗೆ ನಾವು ಪರಸ್ಪರ ಕೇಳುವುದಿಲ್ಲ. ಕೇಳದಿರುವುದನ್ನೇ ಸೌಜನ್ಯವೆಂದು ತಿಳಿದಿದ್ದೇವೆ.

ತಂಗಿ ಧಾರವಾಡದಲ್ಲಿ ಬೆಳೆದವಳು. ಅವಳಿಗೆ ನಡಿಗೆಯೂ ಮಾತೂ ತಡವಾಗಿ ಬಂದವು. ನಾಲ್ಕನೆಯ ಇಯತ್ತೆಗೆ ಶಾಲೆ ನಿಂತಿತು. ಹೈಸ್ಕೂಲು ಮಾಸ್ತರರಾಗಿದ್ದ ಅಪ್ಪ ಅವಳಿಗೆ ಕನ್ನಡದಲ್ಲಿ ಹೆಸರು ಬರೆಯಲು ಕಲಿಸಿ, ಅಂಚೆ ಕಚೇರಿಯಲ್ಲಿ ಒಂದು ಉಳಿತಾಯ ಖಾತೆ ತೆರೆಸಿದ್ದರು. ಓಣಿಯ ಕಿರಾಣಿ ಅಂಗಡಿ, ಹಾಲಿನ ಡೇರಿ, ಹನುಮಪ್ಪನ ಗುಡಿ, ಈ ಮೂರಕ್ಕೂ ಅವಳು ಒಬ್ಬಳೇ ಹೋಗಿಬರುತ್ತಿದ್ದಳು. ಅವಳಿಗೆ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಅಂಗಡಿಯವರಿಗೆ ಅವಳ ಲೆಕ್ಕ ಗೊತ್ತಿತ್ತು. ಅವಳನ್ನು ಯಾವ ವೈದ್ಯರ ಮುಂದೆಯೂ ಕೂರಿಸಿ ಅಳೆಸಿದ್ದಿಲ್ಲ. "ಅಕಿಗೇನಾಗ್ಯದ? ಸ್ವಲ್ಪ ಸಾವಕಾಶ, ಅಷ್ಟ" ಎನ್ನುತ್ತಿದ್ದಳು ಅವ್ವ. ಆ ಮಾತಿನಲ್ಲಿ ಪ್ರೀತಿಯೂ ಇತ್ತು, ಮುಚ್ಚಿಡುವಿಕೆಯೂ ಇತ್ತು. ನನ್ನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಬಂದ ದಿನ ತಂಗಿಯನ್ನು ಬೆಳಿಗ್ಗೆಯೇ ಕಾಕಾನ ಮನೆಗೆ ಕಳುಹಿಸಿದ್ದರು. ನಾನಾಗ ಎಂ.ಎ. ಮುಗಿಸಿ ನೌಕರಿ ಹಿಡಿದಿದ್ದೆ. ಸಮಾನತೆಯ ಬಗ್ಗೆ ಭಾಷಣ ಮಾಡಬಲ್ಲವನಾಗಿದ್ದೆ. ಅಂದು ಬಾಯಿ ತೆರೆಯಲಿಲ್ಲ.

ಅಪ್ಪ ಮೊದಲು ಹೋದರು, 2017ರಲ್ಲಿ ಅವ್ವನೂ ಹೋದಳು. ಧಾರವಾಡದ ಮನೆಗೆ ಬೀಗ ಬಿದ್ದು ತಂಗಿ ಮಹಾರಾಷ್ಟ್ರದ ಈ ನಗರಕ್ಕೆ, ನನ್ನ ಸರ್ಕಾರಿ ವಸತಿಗೃಹಕ್ಕೆ ಬಂದಳು. ನನ್ನ ಹೆಂಡತಿ ಒಂದು ಮಾತೂ ಆಡದೆ ಒಳಕೋಣೆಯನ್ನು ಅವಳಿಗೆ ತೆರವು ಮಾಡಿಕೊಟ್ಟಳು. ಆಗ ಕಚೇರಿಯ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆಯಿಂದ ಈ ಕಥೆ ಆರಂಭವಾಗುತ್ತದೆ: "ಸರ್ಟಿಫಿಕೇಟು ಮಾಡಿಸಿದ್ದೀರಾ? ನೀವಿಲ್ಲದ ಮೇಲೆ ಅವರ ಗತಿಯೇನು?"

ಪ್ರಶ್ನೆ ನ್ಯಾಯವಾದದ್ದು. ಕೇಂದ್ರ ಸರ್ಕಾರಿ ನೌಕರನ ಕುಟುಂಬ ಪಿಂಚಣಿಯ ಸರದಿಯಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿಗಳ ನಂತರ ಕಟ್ಟಕಡೆಗೆ ಅವಲಂಬಿತರಾದ ಅಂಗವಿಕಲ ಒಡಹುಟ್ಟಿದವರಿಗೂ ಒಂದು ಸ್ಥಾನವಿದೆ. ಹಿಂದೆ 1972ರ ಪಿಂಚಣಿ ನಿಯಮಗಳಲ್ಲಿ 54ನೆಯದಾಗಿದ್ದ ನಿಯಮ 2021ರ ಹೊಸ ನಿಯಮಗಳಲ್ಲಿ 50ನೆಯದಾಗಿದೆ. ಅದೇ 2021ರಲ್ಲಿ ಆದಾಯದ ಮಿತಿಯನ್ನೂ ಸಡಿಲಿಸಿದರು. ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಪರಿಹಾರ ಎಂದಿದ್ದ ಮಿತಿ, ನೌಕರನ ಕೊನೆಯ ವೇತನದ ಶೇಕಡಾ 30 ಮತ್ತು ತುಟ್ಟಿಪರಿಹಾರ ಎಂದಾಯಿತು. ನಿವೃತ್ತಿಗೆ ಮುನ್ನವೇ ಈ ಹೆಸರುಗಳನ್ನು ದಾಖಲೆಗೆ ಸೇರಿಸುವುದು ಜಾಣತನ. ಇದಕ್ಕೆಲ್ಲ ಮೊದಲ ಮೆಟ್ಟಿಲು ಒಂದೇ: ತಂಗಿ ಅಂಗವಿಕಲಳೆಂದು ಸರ್ಕಾರ ಬರೆದುಕೊಡಬೇಕು. ಬರೆದುಕೊಡದಿದ್ದರೆ ಅವಳ ನಲವತ್ತೆಂಟು ವರ್ಷಗಳ ಕಷ್ಟಕ್ಕೆ ಸಾಕ್ಷಿಯೇ ಇಲ್ಲ.

ಈ ಬರೆದುಕೊಡುವಿಕೆಗೂ ಒಂದು ಚರಿತ್ರೆಯಿದೆ. 1995ರ ಅಧಿನಿಯಮ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 1999ರಲ್ಲಿ ಆಟಿಸಂ, ಸೆರಿಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯವುಳ್ಳವರಿಗಾಗಿ ರಾಷ್ಟ್ರೀಯ ನ್ಯಾಸದ ಕಾಯಿದೆ ಬಂತು. ಭಾರತ 2007ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಸ್ಥಿರೀಕರಿಸಿದ ಮೇಲೆ, ಅದಕ್ಕೆ ಅನುಗುಣವಾಗಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ರೂಪುಗೊಂಡಿತು. ಏಳು ಇಪ್ಪತ್ತೊಂದಾಯಿತು. ಶೇಕಡಾ 40 ದಾಟಿದವರಿಗೆ ಹೆಚ್ಚಿನ ಸೌಲಭ್ಯಗಳೆಂಬ ಗೆರೆ ನಿಂತಿತು. ಈಗ ಇಡೀ ದೇಶಕ್ಕೆ ಒಂದೇ ಬಗೆಯ ಗುರುತುಚೀಟಿಯಿದೆ. ಒಂದು ರಾಜ್ಯದಲ್ಲಿ ಕೊಟ್ಟ ಪ್ರಮಾಣಪತ್ರ ದೇಶದಾದ್ಯಂತ ಊರ್ಜಿತ ಎಂದು ಕಾಯಿದೆಯೇ ಹೇಳುತ್ತದೆ. ವರ್ಗಾವರ್ಗಿಯಲ್ಲಿ ಬದುಕುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. 2011ರ ಜನಗಣತಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅಂದು ನನ್ನ ತಂಗಿ ಆ ಎಣಿಕೆಯಲ್ಲಿ ಇರಲಿಲ್ಲ. ಎಣಿಸಲು ಬಂದವರಿಗೆ ಅವ್ವ "ಹಂಗೇನಿಲ್ಲ" ಎಂದು ಹೇಳಿ ಕಳುಹಿಸಿದ್ದಳು.

2019ರ ಒಂದು ಬೆಳಿಗ್ಗೆ ತಂಗಿಯನ್ನು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಅವಳು ಹಬ್ಬದ ಸೀರೆ ಉಟ್ಟಿದ್ದಳು. ಪರೀಕ್ಷೆ ಎಂದು ನಾನು ಹೇಳಿದ್ದೆ. ಪರೀಕ್ಷೆಗೆ ಒಳ್ಳೆಯ ಬಟ್ಟೆ ಹಾಕಿಕೊಳ್ಳಬೇಕು ಎಂದು ಅಪ್ಪ ಕಲಿಸಿದ್ದರು. ಮನಶ್ಶಾಸ್ತ್ರಜ್ಞೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊರಗೆ ಸಾಲುಗಟ್ಟಿ ಜನ ಕಾದಿದ್ದರೂ ಸಹನೆಯಿಂದ ಮಾತಾಡಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತಿತ್ತು. ತಂಗಿಗೆ ಕನ್ನಡ ಮಾತ್ರ ಬರುತ್ತದೆ. ಜೊತೆಗೆ ಬಂದವರು ಉತ್ತರ ಹೇಳಿಕೊಡುತ್ತಾರೆಂಬ ಕಾರಣಕ್ಕೆ ನಾನು ಬಾಯಿ ಮುಚ್ಚಿ ಕುಳಿತಿರಬೇಕಾಗಿತ್ತು. ಅದೂ ಸರಿಯಾದ ನಿಯಮವೇ.

"ಸಾಂಗಾ ತಾಈ" ಎಂದರು ಆಕೆ. ಹೇಳಿ ಅಕ್ಕಾ ಎಂದು ಅರ್ಥ. ತಂಗಿ ನನ್ನತ್ತ ತಿರುಗಿ, "ನನಗ ತಾಯಿ ಅಂತಾರಲ್ಲೋ ಅಣ್ಣಾ!" ಎಂದು ನಕ್ಕಳು. ಎರಡು ಭಾಷೆಗಳ ನಡುವೆ ಸಿಕ್ಕಿದ ಒಂದು ಶಬ್ದದ ತಮಾಷೆಯನ್ನು ಅವಳು ಗುರುತಿಸಿದ್ದಳು. ಆ ನಗೆಗೆ ಅಂಕವಿರಲಿಲ್ಲ. ಮುಂದಿನ ಪ್ರಶ್ನೆಗಳಿಗೆ ಅವಳು ಸುಮ್ಮನೆ ಕುಳಿತಳು. ಅಂಕಿಗಳನ್ನು ಕೇಳಿ ಹಿಂದಕ್ಕೆ ಹೇಳಬೇಕಾಗಿತ್ತು. ಆ ಅಂಕಿಗಳ ಮರಾಠಿ ಹೆಸರೇ ಅವಳಿಗೆ ತಿಳಿಯದು.

ಆಮೇಲೆ ನನ್ನ ಸರದಿ ಬಂತು. ದೈನಂದಿನ ಬದುಕಿನ ಸಾಮರ್ಥ್ಯವನ್ನು ಅಳೆಯುವ ಪ್ರಶ್ನಾವಳಿಗೆ ಉತ್ತರಿಸಬೇಕಾದವರು ಮನೆಯವರೇ. ತಾನೇ ಸ್ನಾನ ಮಾಡುತ್ತಾಳೆಯೇ? ಹೌದು. ತಾನೇ ಊಟ ಬಡಿಸಿಕೊಳ್ಳುತ್ತಾಳೆಯೇ? ಹೌದು. ಒಬ್ಬಳೇ ಹೊರಗೆ ಹೋಗಿಬರುತ್ತಾಳೆಯೇ? ಅಂಗಡಿಯಿಂದ ಸಾಮಾನು ತರುತ್ತಾಳೆಯೇ? ನಾನು ಒಂದು ಕ್ಷಣ ತಡೆದು "ಇಲ್ಲ" ಎಂದೆ. ಇಲ್ಲಿಯ ಮಟ್ಟಿಗೆ ಅದು ನಿಜ. ಈ ನಗರದ ರಸ್ತೆಗೆ ಅವಳನ್ನು ಒಬ್ಬಳೇ ಬಿಡಲು ನಮಗೆ ಹೆದರಿಕೆ. ದಾರಿ ತಪ್ಪಿದರೆ ವಿಳಾಸ ಕೇಳಲು ಅವಳಿಗೆ ಭಾಷೆಯಿಲ್ಲ. ಧಾರವಾಡದಲ್ಲಿ ಅದೇ ಪ್ರಶ್ನೆಗೆ ಉತ್ತರ "ಹೌದು" ಎಂದಿರುತ್ತಿತ್ತು. ಎರಡು ವರ್ಷಗಳಲ್ಲಿ ತಂಗಿಯ ಬುದ್ಧಿ ಕುಂದಿರಲಿಲ್ಲ. ಅವಳ ಊರು ಬದಲಾಗಿತ್ತು. ಅವಳನ್ನು ಊರು ಬದಲಾಯಿಸಿದವನು ನಾನು.

ಈ ಮಾತನ್ನು ನಾನು ಭಾವುಕತೆಯಿಂದ ಹೇಳುತ್ತಿಲ್ಲ. 2016ರ ಅಧಿನಿಯಮದ ವ್ಯಾಖ್ಯೆಯೇ ಹೀಗಿದೆ: ದೀರ್ಘಕಾಲದ ನ್ಯೂನತೆಯು ಹೊರಗಿನ ಅಡೆತಡೆಗಳೊಡನೆ ಸೇರಿದಾಗ, ಇತರರಿಗೆ ಸಮಾನವಾಗಿ ಸಮಾಜದಲ್ಲಿ ಭಾಗವಹಿಸಲು ಅಡ್ಡಿಯಾಗುತ್ತದೆ, ಹಾಗೆ ಅಡ್ಡಿಗೊಳಗಾದವರೇ ಅಂಗವಿಕಲರು. ನ್ಯೂನತೆ ದೇಹದಲ್ಲಿರಬಹುದು, ವೈಕಲ್ಯ ಬೀದಿಯಲ್ಲೂ ಇರುತ್ತದೆ ಎಂಬ ಅರಿವು ಕಾಯಿದೆಗಿದೆ. ಆದರೆ ಅಳತೆಯ ಕೋಣೆಗೆ ಆ ಅರಿವು ಇನ್ನೂ ಪೂರ್ತಿ ತಲುಪಿಲ್ಲ.

ಕೆಲವು ವಾರಗಳ ನಂತರ ಪ್ರಮಾಣಪತ್ರ ಬಂತು: ಶೇಕಡಾ 75, ಶಾಶ್ವತ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೌದ್ಧಿಕ ವೈಕಲ್ಯವನ್ನು ಅಲ್ಪ, ಮಧ್ಯಮ, ತೀವ್ರ, ಅತಿತೀವ್ರ ಎಂದು ವಿಂಗಡಿಸಿ ಕ್ರಮವಾಗಿ 50, 75, 90, 100 ಎಂದು ಗೊತ್ತುಮಾಡಿದ್ದರು. (ಆ ಮಾರ್ಗಸೂಚಿ 2024ರಲ್ಲಿ ಪರಿಷ್ಕೃತವಾಗಿದೆ.) ಕನ್ನಡದಲ್ಲಿ ಕೇಳಿದ್ದರೆ ತಂಗಿ 50ರ ಮನೆಯಲ್ಲಿ ನಿಲ್ಲುತ್ತಿದ್ದಳೆಂದು ನನ್ನ ಅಂದಾಜು. ಪ್ರಮಾಣಪತ್ರದ ನಿರ್ಧಾರದ ವಿರುದ್ಧ ಮೇಲ್ಮನವಿಗೆ ಅಧಿನಿಯಮದ 59ನೆಯ ಪ್ರಕರಣದಲ್ಲಿ ಅವಕಾಶವಿದೆ. ನಾನು ಮೇಲ್ಮನವಿ ಸಲ್ಲಿಸಲಿಲ್ಲ. 40 ದಾಟಿದ್ದರೆ ನಮ್ಮ ಕೆಲಸಕ್ಕೆ ಸಾಕಾಗುತ್ತಿತ್ತು. ಆದರೂ "ಹೆಚ್ಚಿದ್ದರೆ ಒಳ್ಳೆಯದೇ, ಮುಂದೆ ಯಾರೂ ಕೊಕ್ಕೆ ಹಾಕುವುದಿಲ್ಲ" ಎಂದು ನನ್ನ ಗುಮಾಸ್ತಬುದ್ಧಿ ಹೇಳಿತು. ಅವಳಿಗೆ ಸಲ್ಲಬೇಕಾದ ಇಪ್ಪತ್ತೈದು ಅಂಶಗಳ ಬುದ್ಧಿಯನ್ನು ನಾನು ಬಿಟ್ಟುಕೊಟ್ಟೆ. ಹೊರಗೆ ಬಂದಾಗ ಅವಳು ಕೇಳಿದಳು: "ಅಣ್ಣಾ, ನಾ ಪಾಸ್ ಆದ್ನಿಲ್ಲೋ?" "ಆದಿ" ಎಂದೆ.

ಇದರಲ್ಲಿ ಒಂದು ವಿಪರ್ಯಾಸವಿದೆ. ನಮ್ಮ ದೇಶದಲ್ಲಿ ಬುದ್ಧಿಮಾಪನಕ್ಕೆ ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತರು ಸಿದ್ಧಪಡಿಸಿದರು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ಪರಿಷ್ಕಾರಗೊಂಡ ಪರೀಕ್ಷೆಯೊಂದನ್ನು ಅವರು ಹೊಂದಿಸಿದ್ದು ಎರಡು ಭಾಷೆಗಳ ಮಕ್ಕಳಿಗೆ: ಕನ್ನಡ ಮತ್ತು ಮರಾಠಿ. ಪರಭಾಷೆಯ ಅಳತೆಗೋಲಿನಿಂದ ನಮ್ಮ ಮಕ್ಕಳನ್ನು ಅಳೆಯಬಾರದೆಂಬುದೇ ಆ ಶ್ರಮದ ಹಿಂದಿನ ವಿವೇಕ. ಎಂಟು ದಶಕಗಳ ಮೇಲೆ ಕನ್ನಡದವಳೊಬ್ಬಳು ಮರಾಠಿಯಲ್ಲಿ ಅಳೆಸಿಕೊಂಡಳು. ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ, ದಿಲ್ಲಿಯಲ್ಲಿರುವ ಬಂಧುಗಳು ತಮ್ಮ ಮನೆಗಳಲ್ಲಿ ಏನು ನಡೆಯಿತೆಂದು ತಾವೇ ನೆನಪಿಸಿಕೊಳ್ಳಬೇಕು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ತಮಿಳು, ತೆಲುಗು, ಒಡಿಯಾ ಮನೆಮಾತಿನವರಿಗೂ ಇದೇ ಆಗಬಹುದು ಎಂಬುದನ್ನೂ ಮರೆಯಬಾರದು.

ಚೀಟಿ ಬಂದ ಮೇಲೆ ತಂಗಿಯ ಹೆಸರಿನಲ್ಲಿ ಇಲ್ಲಿ ಖಾತೆ ತೆರೆಯಲು ಒಂದು ಬ್ಯಾಂಕಿಗೆ ಹೋದೆವು. ಅಧಿಕಾರಿ ಸಭ್ಯರು. ಚೀಟಿಯನ್ನು ನೋಡಿ, "ಇವರು ಸಹಿ ಮಾಡುವಂತಿಲ್ಲ, ಪೋಷಕರ ನೇಮಕದ ಆದೇಶ ತನ್ನಿ" ಎಂದರು. ಅಷ್ಟರಲ್ಲಿ ತಂಗಿ ಅರ್ಜಿಯ ಮೇಲೆ ದುಂಡಾಗಿ ತನ್ನ ಹೆಸರು ಬರೆದು ಮುಗಿಸಿದ್ದಳು. ಅಪ್ಪ ತೆರೆಸಿದ ಖಾತೆಯಲ್ಲಿ ಇಪ್ಪತ್ತು ವರ್ಷ ನಡೆದ ಸಹಿ ಅದು. ಯಾವ ಪತ್ರವೂ ಇಲ್ಲದಿದ್ದಾಗ ಸಲ್ಲುತ್ತಿದ್ದ ಸಹಿ, ಪತ್ರ ಬಂದೊಡನೆ ಸಲ್ಲದಾಯಿತು. ಸರ್ಕಾರ ಅವಳನ್ನು ಕಂಡ ದಿನವೇ ಬ್ಯಾಂಕು ಅವಳನ್ನು ಕಾಣದಾಯಿತು.

ಇಲ್ಲಿ ನನಗೆ ವಿಜ್ಞಾನೇಶ್ವರನ ನೆನಪಾಗುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ದಾಯಭಾಗದ ಕಾನೂನಾಗಿತ್ತು. ಕುರುಡ, ಕುಂಟ, ಹುಚ್ಚ, ಜಡ ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಅಂಶವಿಲ್ಲ, ಆದರೆ ಅವರನ್ನು ಸಾಕಲೇಬೇಕು ಎಂಬುದು ಆ ಸ್ಮೃತಿಯ ವಿಧಿ. ಅನ್ನವುಂಟು, ಅಂಶವಿಲ್ಲ. 1928ರ ಕಾನೂನು ಈ ಅನರ್ಹತೆಯನ್ನು ಬಹುಮಟ್ಟಿಗೆ ತೆಗೆಯಿತಾದರೂ ಹುಟ್ಟಿನಿಂದ ಬುದ್ಧಿ ವಿಕಲರಾದವರನ್ನು ಹೊರಗೇ ಉಳಿಸಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 28ನೆಯ ಪ್ರಕರಣ ಅದನ್ನೂ ಅಳಿಸಿಹಾಕಿತು. ಹೀಗೆ ಧಾರವಾಡದ ಮನೆಯಲ್ಲಿ ತಂಗಿಗೆ ನನ್ನಷ್ಟೇ ಅಂಶವಿದೆ. ಆಸ್ತಿಯ ಅಂಶ ಬಂತು. ಮಾತಿನ ಅಂಶ ಇನ್ನೂ ಬಂದಿಲ್ಲ. ಅವಳ ಪಾಲಿನ ಬಗ್ಗೆ ನಿರ್ಧರಿಸುವಾಗ ಅವಳನ್ನು ಕೇಳಬೇಕೆಂದು ನಮ್ಮ ಬಂಧುವರ್ಗದಲ್ಲಿ ಯಾರಿಗೂ ಹೊಳೆದಿಲ್ಲ. ಸಾಕುತ್ತಿದ್ದೇವಲ್ಲ, ಮತ್ತೇನು ಬೇಕು ಎಂಬ ಭಾವ. ಆ ಭಾವಕ್ಕೆ ಒಂಬೈನೂರು ವರ್ಷ ವಯಸ್ಸಾಗಿದೆ.

ಹಾಗಾದರೆ ಅಳೆಯುವುದೇ ಬೇಡವೇ ಎಂದು ಕೇಳಬಹುದು. ಬೇಕು. ನಾನು ಆಡಳಿತದೊಳಗಿನವನು, ಸಾರ್ವಜನಿಕ ಹಣ ಹಂಚುವಲ್ಲಿ ಗೆರೆಯೊಂದು ಇರಲೇಬೇಕೆಂದು ಬಲ್ಲೆ. ಸುಳ್ಳು ಪ್ರಮಾಣಪತ್ರಗಳ ಪಿಡುಗು ಇದೆ. 2024ರಲ್ಲಿ ನಾಗರಿಕ ಸೇವೆಯ ಆಯ್ಕೆಯ ಸಂದರ್ಭದಲ್ಲಿ ಈ ಬಗ್ಗೆ ದೇಶವೆಲ್ಲ ಚರ್ಚಿಸಿತು. ಆದರೆ ಗೆರೆ ಎಳೆಯುವ ಕೈಗೆ ಎರಡು ವಿಷಯ ನೆನಪಿರಬೇಕು. ಒಂದು, ವ್ಯಕ್ತಿಯನ್ನು ಅವನ ಮಾತೃಭಾಷೆಯಲ್ಲಿ, ಇಲ್ಲವೇ ಅರ್ಹ ದುಭಾಷಿಯ ಮೂಲಕ ಅಳೆಯದಿದ್ದರೆ ಸಿಗುವ ಅಂಕಿ ಬುದ್ಧಿಯದಲ್ಲ, ಭಾಷೆಯದು. ಎರಡು, ನೆರವು ಬೇಕೆಂದು ಗುರುತಿಸುವುದು ಬೇರೆ, ನಿರ್ಧರಿಸಲಾರರೆಂದು ಘೋಷಿಸುವುದು ಬೇರೆ. ಕಾಯಿದೆ ಈ ಎರಡನ್ನು ಬೇರ್ಪಡಿಸಿದೆ. 2016ರ ಅಧಿನಿಯಮದ 14ನೆಯ ಪ್ರಕರಣ ಹೇಳುವುದು ಸೀಮಿತ ಪೋಷಕತ್ವವನ್ನು: ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಜೊತೆಗೂಡಿ, ಅವರ ಇಚ್ಛೆಗೆ ಅನುಸಾರವಾಗಿ. 1999ರ ಕಾಯಿದೆಯೂ ಸ್ಥಳೀಯ ಸಮಿತಿಯು ಮೊದಲು ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವ ಉದ್ದೇಶಕ್ಕೆ ಎಂದು ಪರಿಶೀಲಿಸಬೇಕೆನ್ನುತ್ತದೆ. ಪೋಷಕನಾದವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಪ್ರತಿವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ಪಿಂಚಣಿ ಇಲಾಖೆಯಂತೂ, ನೌಕರನು ನಾಮನಿರ್ದೇಶನ ಮಾಡಿದ್ದರೆ ಕುಟುಂಬ ಪಿಂಚಣಿಗೆ ನ್ಯಾಯಾಲಯದ ಪೋಷಕತ್ವ ಪತ್ರಕ್ಕಾಗಿ ಬ್ಯಾಂಕುಗಳು ಒತ್ತಾಯಿಸಬಾರದೆಂದು 2022ರಲ್ಲೇ ಸ್ಪಷ್ಟಪಡಿಸಿದೆ. ಕಾಗದದ ಮೇಲೆ ವಿವೇಕವಿದೆ. ಕೌಂಟರಿನ ಆಚೆಗೆ ಮಾತ್ರ ಅವಸರವಿದೆ.

ನಾನು ಅಧಿಕಾರಿ; ನನಗೆ ನಿಯಮ ಗೊತ್ತು, ರಜೆ ಹಾಕಿ ಓಡಾಡಬಲ್ಲೆ. ನಮ್ಮ ನಗರದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ಕಟ್ಟಡ ಕಟ್ಟುವ ಕನ್ನಡಿಗರಿದ್ದಾರೆ. ಅವರ ಸಾರಣೆ ತಟ್ಟಿಯ ಕೆಳಗೂ ಮಲಗಿದ ಮಗುವಿಗೆ ಹದಿನೆಂಟು ತುಂಬುತ್ತದೆ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ನೆರವಿಗೆ ಈ ರಾಜ್ಯದಲ್ಲಿ 15 ವರ್ಷ ವಾಸವಾಗಿರಬೇಕು. ಕರ್ನಾಟಕದ ಮಾಸಾಶನ ಪಡೆಯಲು ಊರಲ್ಲಿರಬೇಕು. ಚೀಟಿ ಗಡಿ ದಾಟುತ್ತದೆ, ಹಣ ದಾಟುವುದಿಲ್ಲ. ಕೇಂದ್ರದ ಇಂದಿರಾ ಗಾಂಧಿ ಅಂಗವೈಕಲ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಬಡತನ ರೇಖೆಯ ಕೆಳಗಿದ್ದು, ವೈಕಲ್ಯ 80 ಮುಟ್ಟಿದವರಿಗೆ. ಕೂಲಿಯವನು ಒಂದು ದಿನದ ದುಡಿಮೆ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾನೆ.

ಹೊರನಾಡ ಕನ್ನಡ ಸಂಘಗಳು ಇಲ್ಲಿ ಏನು ಮಾಡಬಹುದು? ಗಡಿ, ನದಿ, ನಾಮಫಲಕಗಳ ಬಗ್ಗೆ ನಾವು ಬೇಕಾದಷ್ಟು ಠರಾವು ಮಾಡಿದ್ದೇವೆ. ಈ ಕೆಲಸಕ್ಕೆ ಠರಾವು ಬೇಡ. ವೈಕಲ್ಯ ತಪಾಸಣೆಯ ದಿನ ಆಸ್ಪತ್ರೆಗೆ ಬಂದು, ಹೇಳಿಕೊಡದೆ ನಿಷ್ಠೆಯಿಂದ ದುಭಾಷಿಯಾಗಬಲ್ಲ ಹತ್ತು ಜನ ಬೇಕು. ನಿವೃತ್ತ ಶಿಕ್ಷಕಿಯರು ಇದಕ್ಕೆ ಅತ್ಯಂತ ಯೋಗ್ಯರು. ಅವರ ಪಟ್ಟಿಯನ್ನು ಆಸ್ಪತ್ರೆಗಳಿಗೆ ಬರೆದು ಕೊಡೋಣ. ತಿಂಗಳಿಗೊಂದು ಭಾನುವಾರ ಸಂಘದ ವಾಚನಾಲಯದಲ್ಲಿ ಕುಳಿತು ಅರ್ಜಿ ತುಂಬಿಕೊಡೋಣ, ನಾನು ಬರುತ್ತೇನೆ. ಕನ್ನಡದಲ್ಲಿ ಅಳೆಯಬಲ್ಲ ಮನಶ್ಶಾಸ್ತ್ರಜ್ಞರು ಯಾವ ಊರಲ್ಲಿದ್ದಾರೆಂದು ಸಂಘಗಳು ಪರಸ್ಪರ ತಿಳಿಸಲಿ. ಮತ್ತು ಮುಂದಿನ ಯುಗಾದಿಗೆ ಒಳಕೋಣೆಯಲ್ಲಿರುವವರನ್ನೂ ಕರೆತರೋಣ. ಅವರಿಗೆ ಕನ್ನಡ ಕೇಳಿಸುವ ಜಾಗ ಈ ಊರಲ್ಲಿ ಬೇರೆಲ್ಲಿದೆ?

ಡ್ರಾಯರಿನ ಅರ್ಜಿಯ ಮಾತಿಗೆ ಮರಳುತ್ತೇನೆ. ಕಳೆದ ತಿಂಗಳು ಅದನ್ನು ಹೊರತೆಗೆದು ತಂಗಿಯ ಮುಂದಿಟ್ಟು, ಒಂದೊಂದೇ ಕಲಮನ್ನು ಕನ್ನಡದಲ್ಲಿ ಓದಿ ಹೇಳಿದೆ. ಒಂದು ಗಂಟೆ ಹಿಡಿಯಿತು. ಮನೆಯ ವಿಷಯ ಬಂದಾಗ, "ಧಾರವಾಡದ ಮನಿ ಮಾರಬ್ಯಾಡ" ಎಂದಳು. ಅದನ್ನು ಮಾರುವ ಮಾತು ನಾನೂ ವೈನಿಯೂ ಕೋಣೆಯ ಬಾಗಿಲು ಹಾಕಿಕೊಂಡು ಆಡಿದ್ದೆವು. ಅವಳಿಗೆ ಗೊತ್ತಿಲ್ಲವೆಂದು ತಿಳಿದಿದ್ದೆವು. ಕೊನೆಗೆ ನನ್ನ ಸಹಿಯನ್ನು ನೋಡಿ, "ನಂದೆಲ್ಲಿ?" ಎಂದು ಕೇಳಿದಳು. ನಮೂನೆಯಲ್ಲಿ ಅವಳ ಸಹಿಗೆ ನಾನು ಜಾಗ ಬಿಟ್ಟಿರಲಿಲ್ಲ.

ಆ ಅರ್ಜಿಯನ್ನು ಹರಿದುಹಾಕಿ ಹೊಸದನ್ನು ಬರೆಯುತ್ತಿದ್ದೇನೆ. ಪಿಂಚಣಿಗೂ ಬ್ಯಾಂಕಿನ ವ್ಯವಹಾರಕ್ಕೂ ಮಾತ್ರ ನನ್ನ ನೆರವು, ಮನೆಯ ವಿಷಯದಲ್ಲಿ ಅವಳ ಒಪ್ಪಿಗೆಯಿಲ್ಲದೆ ಏನೂ ಇಲ್ಲ ಎಂದು ಅದರಲ್ಲಿ ಕಾಣಿಸಿದ್ದೇನೆ. ಪ್ರಾಧಿಕಾರ ಒಪ್ಪುವುದೋ ಇಲ್ಲವೋ ಮುಂದೆ ನೋಡಬೇಕು. ಕೆಳಗೆ ಎರಡು ಸಹಿಗಳಿಗೆ ಜಾಗ ಬಿಟ್ಟಿದ್ದೇನೆ. ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಕನ್ನಡದಲ್ಲಿ.